ನೀವು ಯಾವಾಗ ಆದ್ರಿ?

ಕಳೆದ ಶನಿವಾರ ಗದಗ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಸಣ್ಣ ಚರ್ಚಿನ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರು ನಮ್ಮ ಗುಂಪಿನ ಹಿರಿಯರಿಗೆ ಒಂದು ಮರುಪ್ರಶ್ನೆ ಹಾಕಿದರು. ಅದು ಈ ವಾರವೆಲ್ಲ ನನ್ನ ತಲೆಯೊಳಗೆ ತಿರುಗುತ್ತಲೇ ಇದೆ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಹೆಸರು ಹೇಳಿದರೆ ಅಜ್ಜಿ ಯಾರೆಂಬುದೂ ಗೊತ್ತಾಗಿಬಿಡುತ್ತದೆ.

ನಮ್ಮದು ಹುಬ್ಬಳ್ಳಿ–ಧಾರವಾಡದ, ಹೆಚ್ಚಾಗಿ ನಿವೃತ್ತರೇ ಸೇರಿಕೊಂಡ ಒಂದು ನಡಿಗೆಯ ಗುಂಪು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರೊಬ್ಬರು ಅದರ ಯಜಮಾನರು. ಅವರನ್ನು ನಾವೆಲ್ಲ ಸಾಹೇಬರು ಎಂದೇ ಕರೆಯುತ್ತೇವೆ. ಎಲ್ಲರಿಗೂ ಸಾಲುವಷ್ಟು ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬರುವ ಉದಾರಿ ಮನುಷ್ಯ. ಆದರೆ ಯಾವ ಗೋಡೆಯನ್ನು ಕಂಡರೂ ಅದರ ಇಸವಿ ಕೇಳದೆ, ಯಾವ ಮನುಷ್ಯನನ್ನು ಕಂಡರೂ ಅವನ ಮೂಲ ಕೇಳದೆ ಅವರಿಗೆ ಸಮಾಧಾನವಿಲ್ಲ. ಇದರಲ್ಲಿ ಕೆಟ್ಟ ಬುದ್ಧಿಯೇನೂ ಇಲ್ಲ, ಅಪರಿಚಿತರೊಡನೆ ಮಾತು ಬೆಳೆಸಲು ಅವರಿಗೆ ಗೊತ್ತಿರುವ ದಾರಿಯೇ ಅದು ಎಂದು ನಾನು ಇಷ್ಟು ದಿನ ಅಂದುಕೊಂಡಿದ್ದೆ. ಈಗಲೂ ಬಹುಮಟ್ಟಿಗೆ ಹಾಗೆಯೇ ಅಂದುಕೊಂಡಿದ್ದೇನೆ.

ಈ ಸಲ ಹಳೆಯ ಚರ್ಚುಗಳನ್ನು ನೋಡೋಣ ಎಂದವನು ನಾನು. ಗದಗ ಎಂದರೆ ತ್ರಿಕೂಟೇಶ್ವರ, ವೀರನಾರಾಯಣ, ಲಕ್ಕುಂಡಿ ಎಂದು ಪಟ್ಟಿ ಮಾಡಿ ಮುಗಿಸುವವರಿಗೆ ಗದಗಿಗೆ ಅಂಟಿಕೊಂಡೇ ಇರುವ ಬೆಟಗೇರಿಯ ಮಿಶನ್ ಕಥೆ ನೆನಪಾಗುವುದಿಲ್ಲ. ಈಸ್ಟ್ ಇಂಡಿಯಾ ಕಂಪನಿಯ 1833ರ ಸನದು ಬ್ರಿಟಿಷರಲ್ಲದ ಮಿಶನರಿಗಳಿಗೂ ದಾರಿ ತೆರೆದ ಮೇಲೆ, 1834ರಲ್ಲಿ ಮಂಗಳೂರಿಗೆ ಬಂದಿಳಿದ, ಕ್ರೈಸ್ತ ಧರ್ಮಪ್ರಚಾರದ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಎಂದು ಒಂದೊಂದಾಗಿ ನೆಲೆ ಹೂಡುತ್ತ ಬಂದರು. ಗದಗಿಗೆ ರೈಲು ಬರುವುದಕ್ಕೆ ಇನ್ನೂ ನಾಲ್ಕು ದಶಕ ಬಾಕಿಯಿತ್ತು. ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ ಒಕ್ಕಲುತನದ ವಸಾಹತನ್ನೇ ಕಟ್ಟುವ ಪ್ರಯತ್ನವನ್ನೂ ಅವರು 1840ರ ದಶಕದಲ್ಲಿ ಮಾಡಿದರು. ಎಣಿಸಿದಂತೆ ಅದು ಬೆಳೆಯಲಿಲ್ಲ. ಧಾರವಾಡದಲ್ಲಿ ಅದೇ ಮಿಶನ್‌ನ ಕಿಟೆಲ್ಲರ ಹೆಸರಿನ ಕಾಲೇಜು ಇರುವುದರಿಂದ, 1894ರಲ್ಲಿ ಅಚ್ಚಾದ ಅವರ ನಿಘಂಟು ಅಲ್ಲಲ್ಲಿ ಕಪಾಟಿನಲ್ಲಿ ಇರುವುದರಿಂದ, ಅವರೊಬ್ಬರು ನಮಗೆ ಗೊತ್ತು. ಅವರು ಕೂಡಿ ಪ್ರಾರ್ಥಿಸಿದ ಜನ, ಆ ಜನರ ಮೊಮ್ಮಕ್ಕಳ ಮೊಮ್ಮಕ್ಕಳು, ಇಲ್ಲೇ ನಮ್ಮ ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟಿನಲ್ಲಿ ಕೂರುತ್ತಾರೆಂಬುದು ಅಷ್ಟಾಗಿ ಗೊತ್ತಿಲ್ಲ.

ಬೆಟಗೇರಿಯನ್ನು ನೋಡಿಕೊಂಡು, ಡಾಂಬರು ರಸ್ತೆ ಬಿಟ್ಟು, ಹೊಲಗಳ ನಡುವಿನ ಚಕ್ಕಡಿ ದಾರಿ ಹಿಡಿದೆವು. ಸಂಕ್ರಾಂತಿ ಕಳೆದ ದಿನಗಳು. ಬಿಳಿಜೋಳ ತೆನೆ ತುಂಬಿ ನಿಂತಿತ್ತು, ಕುಸುಬಿ ಹಳದಿ ಹೂ ಬಿಟ್ಟಿತ್ತು, ಕಡಲಿಯ ಹೊಲದ ಬದುವಿನಲ್ಲಿ ನಮ್ಮವರು ಹೊಲದವನನ್ನು ಕೂಗಿ ಕೇಳಿಕೊಂಡೇ ಹಸಿ ಕಾಯಿ ಕಿತ್ತು ತಿಂದರು. ದೂರದ ದಿನ್ನೆಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಎರೆಮಣ್ಣಿನ ಒಣಗಿದ ಬಿರುಕುಗಳಲ್ಲಿ ಕಾಲು ಸಿಕ್ಕಿಸಿಕೊಳ್ಳದಂತೆ ನೋಡಿ ನಡೆಯಬೇಕಾಗಿತ್ತು, ಮಾತು ಕಡಿಮೆಯಾಯಿತು. ಈ ನಡಿಗೆಗಳಲ್ಲಿ ನನಗೆ ಹಿಡಿಸುವುದು ಆ ಹೊತ್ತೇ.

ಚರ್ಚು ಊರ ಅಂಚಿನಲ್ಲಿತ್ತು. ಗೋಪುರ, ಬಣ್ಣದ ಗಾಜು ಏನೂ ಇಲ್ಲ. ಸುಣ್ಣ ಬಳಿದ ದಪ್ಪ ಗೋಡೆ, ಹೆಂಚಿನ ಮಾಡು, ಬಾಗಿಲ ಪಕ್ಕ ಎರಡು ಕಂಬಗಳ ನಡುವೆ ತೂಗುಬಿಟ್ಟ ಒಂದು ಗಂಟೆ. ಒಳಗೆ ಸುತ್ತಿಟ್ಟ ಜಮಖಾನೆಗಳು, ಹಿಂದಿನ ಭಾನುವಾರ ಹಾಡಿದ ಕೀರ್ತನೆಗಳ ಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ಬರೆದ ಕಪ್ಪು ಹಲಗೆ, ಮೇಜಿನ ಪಕ್ಕ ಗೋಡೆಗೆ ಒರಗಿಸಿಟ್ಟ ಜೋಳದ ತೆನೆಗಳ ಒಂದು ಕಟ್ಟು. ಸುಗ್ಗಿ ಹಬ್ಬದಲ್ಲಿ ಜನ ತಮ್ಮ ಹೊಲದ ಮೊದಲ ಬೆಳೆ ತಂದು ಒಪ್ಪಿಸುತ್ತಾರೆ. ಆರಾಧನೆ ಮುಗಿದ ಮೇಲೆ ಅದನ್ನು ಅಲ್ಲಿಯೇ ಲಿಲಾವು ಮಾಡುತ್ತಾರೆ. ತಾನೇ ಬೆಳೆದು ತಂದ ಕುಂಬಳಕಾಯಿಯನ್ನು ಪೇಟೆ ದರದ ಎಷ್ಟೋ ಪಟ್ಟು ಹಣ ಕೊಟ್ಟು ಮತ್ತೆ ತಾನೇ ಕೊಂಡೊಯ್ಯುವವರೂ ಇರುತ್ತಾರೆ. ಇದನ್ನೆಲ್ಲ ನಗುತ್ತ ಹೇಳಿದವರು ಆ ಅಜ್ಜಿಯೇ. ಬೀಗದ ಕೈ ಅವರ ಸೆರಗಿನ ತುದಿಗೆ ಕಟ್ಟಿತ್ತು. ನಾಳಿನ ಆರಾಧನೆಗೆ ಕಸ ಗುಡಿಸಿ ಮುಗಿಸಿ, ಕಟ್ಟೆಯ ಮೇಲೆ ಒಣಹಾಕಿದ್ದ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ತೆಗೆಯಲು ಕುಳಿತಿದ್ದರು. ಎಡಗೈಯಲ್ಲಿ ಕಾಯಿ ಎತ್ತಿಕೊಂಡು ಬಲಗೈ ಹೆಬ್ಬೆರಳಿನ ಉಗುರಿನಿಂದ ತೊಟ್ಟನ್ನು ಒತ್ತುತ್ತಿದ್ದರು. ಒಂದು ಬೀಜವೂ ಉದುರುತ್ತಿರಲಿಲ್ಲ. ಉಗುರಿನ ಸುತ್ತ ಚರ್ಮಕ್ಕೆಲ್ಲ ಕೆಂಪು ಹಿಡಿದಿತ್ತು.

ಸಾಹೇಬರು ಅವರೆದುರು ಕುಕ್ಕರಗಾಲಿನಲ್ಲಿ ಕುಳಿತು, ತಾವೂ ಒಂದು ಕಾಯಿ ಕೈಗೆ ತೆಗೆದುಕೊಂಡು, ಪ್ರೀತಿಯಿಂದಲೇ ಕೇಳಿದರು: “ಯವ್ವಾ, ನಿಮ್ಮ ಮನಿತನದವ್ರು ಯಾವಾಗ ಕ್ರಿಶ್ಚನ್ ಆದ್ರಿ?”

ಅಜ್ಜಿ ಕೈ ನಿಲ್ಲಿಸಲಿಲ್ಲ. “ನೀವು ಈಗ ಏನದೀರಿ ನೋಡ್ರಿ ಯಪ್ಪಾ, ಅದು ಯಾವಾಗ ಆದ್ರಿ?”

ಸಾಹೇಬರು ನಕ್ಕರು. “ನಾವು ಮದ್ಲಿಂದನೂ ಅದ ಇದ್ದೀವಿ ಬಿಡ್ರಿ.”

“ಮದ್ಲು ಅಂದ್ರ ಯಾವಾಗ? ನಿಮಗ ಗೊತ್ತಿದ್ರ ಹೇಳ್ರಿ, ಆಮ್ಯಾಲೆ ನಾನೂ ನೆಪ್ಪ ಮಾಡಿ ಹೇಳ್ತೀನಿ.”

ಅಷ್ಟೇ. ಸಿಟ್ಟಿಲ್ಲ, ಚುಚ್ಚು ಮಾತಿಲ್ಲ, ಸಂತೆಯಲ್ಲಿ ದರ ವಿಚಾರಿಸುವ ಧ್ವನಿ. ಸ್ವಲ್ಪ ಹೊತ್ತಿನ ಮೇಲೆ, ತಮ್ಮ ಮುತ್ತ್ಯಾನ ಮುತ್ತ್ಯಾ ಈ ಗೋಡೆಗೆ ಮಣ್ಣು ಕಲಸಿದವನೆಂದು, ಅದಕ್ಕೂ ಮೊದಲು ಇದೇ ಊರಿನ ಕೆರೆಯ ದಂಡೆಯಲ್ಲಿ ಅವರ ಹೊಲವಿತ್ತೆಂದು ತಾವಾಗಿಯೇ ಹೇಳಿ, ನಮಗೆ ಕುಡಿಯಲು ನೀರು ತರಿಸಿಕೊಟ್ಟರು.

ಈ ಮೂರು ನಾಲ್ಕು ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಮತ್ತೆ ಆಡಿಸಿದ್ದೇನೋ ಲೆಕ್ಕವಿಲ್ಲ. ಮೊದಲು ನನಗೆ ಸೇರಿದ್ದು ಅಜ್ಜಿಯ ಚುರುಕುತನ. ಮರುದಿನದ ಹೊತ್ತಿಗೆ ಕಿವಿಗೆ ತಗುಲಿದ್ದು ಸಾಹೇಬರ ಪ್ರಶ್ನೆ. ಏಕೆಂದರೆ, ಹಿಂದೆ ಲಕ್ಕುಂಡಿಗೆ ಹೋದಾಗ ಗುಡಿಯ ಮಗ್ಗುಲಲ್ಲಿ ಮನೆ ಮಾಡಿಕೊಂಡಿದ್ದ ಒಬ್ಬ ರೈತನನ್ನು ಇದೇ ಸಾಹೇಬರು, ಇದೇ ಪ್ರೀತಿಯಿಂದ, “ಎಷ್ಟು ತಲಿಮಾರಿಂದ ಇಲ್ಲಿ ಅದೀರಿ?” ಎಂದು ಕೇಳಿದ್ದರು. ಆತನನ್ನು ಕೇಳಿದ್ದು ಎಷ್ಟು ಕಾಲದಿಂದ ಇದ್ದೀರಿ ಎಂದು. ಅಜ್ಜಿಯನ್ನು ಕೇಳಿದ್ದು ಯಾವಾಗ ಆದಿರಿ ಎಂದು, ಎಂದರೆ ಯಾವಾಗ ಬಂದಿರಿ ಎಂದು. ಇಬ್ಬರ ಹಿರಿಯರೂ ಒಂದೇ ಸೀಮೆಯ ಎರೆಮಣ್ಣಿನಲ್ಲಿ ಕೂರಿಗೆ ಹೂಡಿದವರು. ಒಬ್ಬನನ್ನು ಮನೆಯವನೆಂದು, ಇನ್ನೊಬ್ಬರನ್ನು ಬಂದವರೆಂದು ತೀರ್ಮಾನಿಸಿಕೊಂಡ ಮೇಲೆಯೇ ಇಂಥ ಪ್ರಶ್ನೆ ಬಾಯಿಗೆ ಬರುತ್ತದೆ. ಸಾಹೇಬರು ಹಾಗೆ ತೀರ್ಮಾನಿಸಿದ್ದು ಅವರಿಗೇ ತಿಳಿದಿರಲಿಲ್ಲವೆಂದು ನನ್ನ ನಂಬಿಕೆ.

“ಮದ್ಲಿಂದ” ಎನ್ನುವವರಿಗೆ ಗದಗಿನ ಸುತ್ತಲಿನ ನೆಲ ಸುಲಭವಾಗಿ ಒಪ್ಪುವುದಿಲ್ಲ. ಡಂಬಳದ 1095ರ ಶಾಸನ ಅಲ್ಲಿ ತಾರಾದೇವಿಯ, ಬೌದ್ಧ ವಿಹಾರದ ಸುದ್ದಿ ಹೇಳುತ್ತದೆ. ಈಗ ಡಂಬಳಕ್ಕೆ ಹೋದವರು ನೋಡುವುದು ದೊಡ್ಡಬಸಪ್ಪನ ಗುಡಿಯನ್ನು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬ್ರಹ್ಮ ಜಿನಾಲಯ ಕಟ್ಟಿಸಿದ್ದು 1007ರಲ್ಲಿ. ಆ ಬಸದಿಯಲ್ಲಿ ಕೈಮುಗಿದವರ, ಡಂಬಳದ ವಿಹಾರಕ್ಕೆ ದಾನ ಕೊಟ್ಟ ವರ್ತಕರ ವಂಶದವರು ಎಲ್ಲಿಗೂ ಮಾಯವಾಗಿ ಹೋಗಿರಲಾರರು; ನಮ್ಮಲ್ಲೇ ಯಾರೋ ಆಗಿರಬೇಕು, ಯಾವಾಗಲೋ ಬೇರೆ ಏನೋ ಆಗಿರಬೇಕು. ಹನ್ನೆರಡನೆಯ ಶತಮಾನದಲ್ಲಿ ಶರಣರ ಮಾತಿಗೆ ಓಗೊಟ್ಟು ಇಷ್ಟಲಿಂಗ ಕಟ್ಟಿಕೊಂಡವರೂ ಹಿಂದಿನ ದಿನದವರೆಗೆ ಬೇರೆ ಏನೋ ಆಗಿದ್ದವರೇ. ಬೆಟಗೇರಿಯಲ್ಲಿ ಮಿಶನ್ ಶುರುವಾದ ವರ್ಷ ಶಿಶುನಾಳ ಶರೀಫರಿಗೆ 22ರ ಹರೆಯ. ಗೋವಿಂದಭಟ್ಟರ ಶಿಷ್ಯರಾದ ಆ ಶರೀಫರನ್ನು ಯಾವಾಗ ಏನಾದಿರಿ ಎಂದು ಕೇಳಿದ್ದರೆ ಅವರು ಒಂದು ತತ್ವಪದ ಹಾಡಿ ಕೇಳಿದವನನ್ನೇ ಪೇಚಿಗೆ ಸಿಕ್ಕಿಸುತ್ತಿದ್ದರು. ಗದಗ ಪೇಟೆಯಲ್ಲಿಯೇ ತ್ರಿಕೂಟೇಶ್ವರ, ವೀರನಾರಾಯಣ ಗುಡಿಗಳೂ ಜುಮ್ಮಾ ಮಸೀದಿಯೂ ಒಂದೇ ಆಡಳಿತದಲ್ಲಿ ನಡೆದುಕೊಂಡು ಬಂದಿವೆ.

ಇಷ್ಟು ಹೇಳಿದ ಮಾತ್ರಕ್ಕೆ ಮಿಶನರಿಗಳನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕೆಂದು ನನ್ನ ವಾದವಲ್ಲ. ನಮ್ಮ ಜಾತ್ರೆ, ಗುಡಿ, ಮಠಗಳ ಬಗ್ಗೆ ಅವರು ತಮ್ಮೂರಿಗೆ ಬರೆದು ಕಳಿಸಿದ ವರದಿಗಳಲ್ಲಿ ಅಸಡ್ಡೆ ತುಂಬಿದೆ. 1876–78ರ ಬರಗಾಲದಲ್ಲಿ ತಬ್ಬಲಿ ಮಕ್ಕಳಿಗೆ ಗಂಜಿ ಹಾಕಿದವರೂ ಅವರೇ, ಆ ಮಕ್ಕಳನ್ನು ತಮ್ಮ ದೇವರಿಗೆ ಸೇರಿಸಿಕೊಂಡವರೂ ಅವರೇ. ಆದರೆ ಆ ಕಾಲದ ಸೇರ್ಪಡೆಯ ಕಥೆ ನಾವು ಕಟ್ಟೆಯ ಮೇಲೆ ಕೂತು ಆಡುವಷ್ಟು ಸರಳವಾದುದಲ್ಲ. ಮುಂದಾಗುವುದನ್ನು ಹೇಳುವ ಕಾಲಜ್ಞಾನದ ಮಾತುಗಳನ್ನು ನಂಬಿದ್ದ ಒಂದು ಪಂಥದ ಜನ ಹುಬ್ಬಳ್ಳಿ ಭಾಗದಲ್ಲಿ ತಾವಾಗಿಯೇ ಮಿಶನರಿಗಳನ್ನು ಹುಡುಕಿಕೊಂಡು ಬಂದರು. ತಮ್ಮ ಗ್ರಂಥ ಹೇಳಿದ ಕಾಲ ಕೂಡಿಬಂತೋ ಎಂದು ಪರೀಕ್ಷಿಸಿ ನೋಡಿದರು. ಮಿಶನರಿಗಳು ಊರಿಗೆ ಊರೇ ತಮ್ಮತ್ತ ಬರುತ್ತದೆಂದು ಆಸೆ ಇಟ್ಟುಕೊಂಡರು, ಅದು ಕೈಗೂಡಲಿಲ್ಲ. ಯಾರು ಯಾರನ್ನು ಒರೆಗೆ ಹಚ್ಚುತ್ತಿದ್ದರು ಎಂದು ನನಗೆ ಇದನ್ನು ಓದಿದಾಗಲೆಲ್ಲ ಅನ್ನಿಸುತ್ತದೆ. ನಮ್ಮ ಜನ ಕಣ್ಣುಮುಚ್ಚಿ ಹೋದವರೂ ಅಲ್ಲ, ಎಲ್ಲರೂ ಹೊಟ್ಟೆಗಾಗಿ ಹೋದವರೂ ಅಲ್ಲ. ಹೋದವರಿಗೆ ಒಂದು ಲೆಕ್ಕಾಚಾರವಿತ್ತು, ಹೋಗದವರಿಗೂ ಇತ್ತು.

ಗುಂಪಿನ ಒಬ್ಬ ಎಂಜಿನಿಯರ್ ಹುಡುಗ ಈ ಸಂಭಾಷಣೆಯನ್ನೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡಿದ್ದ. ಅಜ್ಜಿಯ ಉತ್ತರ ರೀಲ್ಸಿಗೆ ಭಾರಿ ಚೆನ್ನಾಗಿ ಹೊಂದುತ್ತದೆ, ಲಕ್ಷ ಜನ ನೋಡುತ್ತಾರೆ ಎಂದ. ಆ ಲಕ್ಷ ಜನರಲ್ಲಿ ಅರ್ಧ ಜನ ಅಜ್ಜಿಯನ್ನು ಹೊಗಳುತ್ತ, ಇನ್ನರ್ಧ ಜನ ಆಕೆಯ ಊರನ್ನು ಹುಡುಕುತ್ತ ಕೂರುತ್ತಾರೆಂದು ನಾನು ಹೇಳಿದೆ. ಎರಡೂ ಆಕೆಗೆ ಬೇಡವಾದದ್ದು. ಮುಖ ಸಣ್ಣದು ಮಾಡಿಕೊಂಡು, ಅಳಿಸಿದೆ ಎಂದು ತೋರಿಸಿದ. ಒಳ್ಳೆಯ ಹುಡುಗ. ಆದರೆ ಮುಂದಿನ ಸಲ ಅವನ ಮೊಬೈಲು ಚೀಲದೊಳಗೇ ಇರಲಿ ಎಂಬುದು ನನ್ನ ಅಭಿಪ್ರಾಯ.

ಸಾಹೇಬರು ಅಂದು ಮರಳುವ ದಾರಿಯಲ್ಲಿ ಆ ವಿಷಯ ಎತ್ತಲಿಲ್ಲ. ಮಂಗಳವಾರ ಬೆಳಿಗ್ಗೆ ಗುಂಪಿಗೆ ಒಂದು ಪಟ್ಟಿ ಹಾಕಿದರು. ಗದಗ ಸುತ್ತಲಿನ ನೋಡತಕ್ಕ ಸ್ಥಳಗಳ ದೊಡ್ಡ ಭಿತ್ತಿಪತ್ರವೊಂದನ್ನು ಮುದ್ರಿಸಿ ಶಾಲೆಗಳಿಗೆ ಹಂಚಬೇಕೆಂಬುದು ಅವರ ಬಹುದಿನದ ಆಸೆ. ಅದರಲ್ಲಿ ಚಾಲುಕ್ಯರ ಕಾಲದ ಗುಡಿಗಳು, ಬಸದಿಗಳು, ಕೋಟೆಗಳು, ಕೊನೆಗೆ “ಬ್ರಿಟಿಷರ ಕಟ್ಟಡಗಳು” ಎಂದಿತ್ತು. ನಾವು ನೋಡಿಬಂದ ಚರ್ಚು ಆ ಕೊನೆಯ ಸಾಲಿನಲ್ಲಿತ್ತು. ಬಾಸೆಲ್ ಇರುವುದು ಸ್ವಿಟ್ಜರ್‌ಲೆಂಡಿನಲ್ಲಿ, ಬಂದ ಮಿಶನರಿಗಳಲ್ಲಿ ಬಹುಪಾಲು ಜರ್ಮನ್ನರು, 1914ರಲ್ಲಿ ಯುದ್ಧ ಶುರುವಾದ ಮೇಲೆ ಅದೇ ಬ್ರಿಟಿಷರು ಅವರನ್ನು ಶತ್ರುದೇಶದವರೆಂದು ಹಿಡಿದಿಟ್ಟು, ಕೊನೆಗೆ ದೇಶದಿಂದ ಹೊರಗೆ ಕಳಿಸಿದರು ಎಂದು ನಾನು ಉದ್ದಕ್ಕೆ ಬರೆದೆ. ಹೋಗಲಿ, ಆ ಗೋಡೆಗೆ ಮಣ್ಣು ಕಲಸಿದವನು ಬ್ರಿಟಿಷನೂ ಅಲ್ಲ, ಜರ್ಮನ್ನನೂ ಅಲ್ಲ ಎಂದೂ ಸೇರಿಸಿದೆ.

“ಹಂಗಾದ್ರ ಎಲ್ಲಿ ಹಾಕೂಣು, ನೀವ ಹೇಳ್ರಿ” ಎಂದು ಉತ್ತರ ಬಂತು. ಊರುವಾರು ಹಾಕೋಣ ಎಂದೆ. ಒಂದೊಂದು ಊರಿನ ಹೆಸರಿನ ಕೆಳಗೆ ಅಲ್ಲಿನ ಗುಡಿ, ಬಸದಿ, ಮಸೀದಿ, ಚರ್ಚು, ಕಾವಲಿನ ಹುಡೇವು, ಬಾವಿ, ವೀರಗಲ್ಲು ಎಲ್ಲವನ್ನೂ ಒಟ್ಟಿಗೆ. ಹಾಗೆ ಮಾಡಿದರೆ ಪತ್ರದಲ್ಲಿ ಜಾಗ ಸಾಲುವುದಿಲ್ಲ ಎನ್ನುತ್ತಾರೆ ಅವರು. ಎರಡೂ ಮಗ್ಗುಲು ಅಚ್ಚು ಹಾಕಿಸಿರಿ, ಗದಗಿನಲ್ಲಿ ಮುದ್ರಣಾಲಯಗಳಿಗೆ ಬರವೇ ಎಂದು ನಾನು ಕೇಳಿದ್ದೇನೆ. ಗೋಡೆಗೆ ಅಂಟಿಸುವ ಕಾಗದದ ಹಿಂಬದಿಯನ್ನು ಯಾರು ಓದುತ್ತಾರೆಂಬುದು ಅವರ ಪ್ರಶ್ನೆ. ನಿನ್ನೆ ರಾತ್ರಿಯ ತನಕ ಮಾತು ಅಲ್ಲಿಗೇ ನಿಂತಿದೆ. ಮುಂದಿನ ನಡಿಗೆ ಡಂಬಳಕ್ಕೆ, ರೊಟ್ಟಿ ಎಂದಿನಂತೆ ಅವರದೇ.