ಸ್ಟೇಜಿನ ಪಕ್ಕ ಯಾರಿದ್ದಾರೆ?

ಹೋದ ಭಾನುವಾರ ಅಕ್ಕ ಮಗಳನ್ನು ಕರೆದುಕೊಂಡು ಕುವೆಂಪುನಗರದ ನಮ್ಮ ಮನೆಗೆ ಬಂದಿದ್ದಳು. ಕೈಯಲ್ಲಿ ನಾಲ್ಕು ಹಾಳೆಯ ಅಗ್ರಿಮೆಂಟು. ಪುಟ್ಟಿಗೆ ಈಗ 13 ವರ್ಷ. ಅವಳೂ ಅವಳ ನಾಲ್ಕು ಜನ ಗೆಳತಿಯರೂ ಒಂದು ವರ್ಷದಿಂದ ಹಾಡಿ ಕುಣಿದು ವಿಡಿಯೋ ಹಾಕುತ್ತಿದ್ದರು. ಅದರಲ್ಲಿ ಒಂದು ಎಲ್ಲೆಲ್ಲಿಗೋ ಹೋಗಿಬಿಟ್ಟಿತು. ಈಗ ಬೆಂಗಳೂರಿನಿಂದ ಯಾರೋ ಫೋನ್ ಮಾಡಿ, ಐದೂ ಜನರನ್ನು ಸೇರಿಸಿ ಗ್ರೂಪ್ ಮಾಡುತ್ತೇವೆ, ಹಾಡು ಮಾಡಿಸುತ್ತೇವೆ, ಐದು ವರ್ಷಕ್ಕೆ ಸೈನ್ ಹಾಕಿ ಅಂದಿದ್ದಾರೆ. "ನೀನು ಚಿಕ್ಕವನಿದ್ದಾಗ ಫೇಮಸ್ ಆಗಿದ್ದವನಲ್ವಾ, ನೀನೇ ಹೇಳು" ಅಂದಳು ಅಕ್ಕ.

ಆ ಮಾತನ್ನು ನನಗೆ ಯಾರಾದರೂ ಹೇಳಿ ಎಷ್ಟೋ ವರ್ಷ ಆಗಿತ್ತು. ಅವತ್ತು ಸರಿಯಾಗಿ ಏನೂ ಹೇಳಲು ಆಗಲಿಲ್ಲ. ಕಾಫಿ ಕುಡಿಸಿ ಕಳಿಸಿದೆ. ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1994ರಿಂದ 1998ರವರೆಗೆ, ಅಂದರೆ ನನಗೆ 10 ವರ್ಷ ಇದ್ದಾಗಿನಿಂದ 14 ತುಂಬುವವರೆಗೆ, ನಾನು ಮಂಡ್ಯದ ಒಂದು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೆ. ಒಂಬತ್ತು ಜನರ ತಂಡ, ಒಂದು ಮೆಟಡಾರ್ ವ್ಯಾನು. ನಮ್ಮ ಕಡೆ ಹಳ್ಳಿಗಳಲ್ಲಿ ಗಣಪತಿ ಕೂರಿಸುವುದು ಹಬ್ಬದ ದಿನವಾದರೂ ಬಿಡುವುದು ಯಾವಾಗಲೋ. ಹಾಗಾಗಿ ತಿಂಗಳುಗಟ್ಟಲೆ ಕಾರ್ಯಕ್ರಮ. ಕೆರಗೋಡು, ಬಸರಾಳು, ಕೊಪ್ಪ, ಮಳವಳ್ಳಿ ಕಡೆಯ ಹಳ್ಳಿಗಳು, ಪಾಂಡವಪುರ. ರಾತ್ರಿ ಹತ್ತಕ್ಕೆ ಶುರುವಾದರೆ ಬೆಳಗಿನ ಜಾವ ನಾಲ್ಕಾದರೂ ಬಿಡುತ್ತಿರಲಿಲ್ಲ. ಅಣ್ಣಾವ್ರ ಹಾಡನ್ನು ಮಗುವಿನ ದನಿಯಲ್ಲಿ ಹಾಡಿದರೆ ಜನ ಹುಚ್ಚೆದ್ದು ಹೋಗುತ್ತಿದ್ದರು. ಪೋಸ್ಟರಿನಲ್ಲಿ ನನ್ನ ಹೆಸರಿನ ಕೆಳಗೆ 'ಮರಿ ಕೋಗಿಲೆ' ಅಂತ ಹಾಕಿಸಿದ್ದರು.

ಹಾಡುವಾಗ ಜನ ಸ್ಟೇಜ್ ಹತ್ತಿ ಬಂದು ಶರ್ಟಿಗೆ ನೋಟು ಚುಚ್ಚುತ್ತಿದ್ದರು. ಹತ್ತು ರೂಪಾಯಿ ನೋಟು, ಗುಂಡುಪಿನ್ನು. ಪ್ರೀತಿಯಿಂದಲೇ ಚುಚ್ಚುತ್ತಿದ್ದರು, ಅದರಲ್ಲಿ ಅನುಮಾನ ಇಲ್ಲ. ಆದರೆ ಪಿನ್ನು ಶರ್ಟು ದಾಟಿ ಎದೆಗೆ ತಾಗುತ್ತಿತ್ತು, ಆಗ ಪಲ್ಲವಿ ನಿಲ್ಲಿಸುವ ಹಾಗಿಲ್ಲ, ಮುಖ ಕಿವುಚುವ ಹಾಗಿಲ್ಲ, ಕೈಯಲ್ಲಿ ಮೈಕು, ಎದುರಿಗೆ ಊರಿಗೆ ಊರೇ ಕೂತಿದೆ. ಬೆಳಿಗ್ಗೆ ಮನೆಗೆ ಬಂದರೆ ಅಮ್ಮ ಶರ್ಟು ಬಿಚ್ಚಿಸಿ ಎದೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಆ ಬಿಳಿ ಸ್ಯಾಟಿನ್ ಶರ್ಟು ಇವತ್ತಿಗೂ ನನ್ನ ಬೀರುವಿನಲ್ಲಿದೆ. ಭಾನುವಾರ ಪುಟ್ಟಿಗೆ ತೋರಿಸಿದೆ. ಅವಳು ಅದನ್ನು ಕಿಟಕಿಗೆ ಹಿಡಿದು ನೋಡಿದಳು. ಎಡಗಡೆ ಜೇಬಿನ ಸುತ್ತ ಬಟ್ಟೆ ಜರಡಿಯ ಹಾಗೆ ಆಗಿದೆ, ಒಂದೊಂದು ತೂತಿನಿಂದಲೂ ಬೆಳಕು ಬರುತ್ತಿತ್ತು. ಆ ನೋಟುಗಳಲ್ಲಿ ನಮ್ಮ ಮನೆಗೆ ಎಷ್ಟು ಬಂತು, ತಂಡದ ಮಾಲೀಕರಿಗೆ ಎಷ್ಟು ಹೋಯಿತು, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ವಯಸ್ಸೂ ಅಲ್ಲ ಅದು.

ಹಗಲು ಹೊತ್ತು ಬೇರೆ ಥರ ಕಷ್ಟ. ಯಾರ ಮನೆಗೆ ಹೋದರೂ "ಎಲ್ಲಿ, ಒಂದು ಹಾಡು ಹೇಳು". ಕ್ಷೌರದ ಅಂಗಡಿಯಲ್ಲಿ ಅರ್ಧ ತಲೆ ಕತ್ತರಿಸಿ ನಿಲ್ಲಿಸಿ "ಹಾಡು" ಅಂದಿದ್ದಾರೆ. ಸ್ಟೇಡಿಯಂ ಹತ್ತಿರ ಕ್ರಿಕೆಟ್ ಆಡುತ್ತಿದ್ದ ಹುಡುಗರು ನನ್ನನ್ನು ಟೀಮಿಗೆ ಕರೆಯುವುದನ್ನೇ ಬಿಟ್ಟರು. ಜಗಳ ಏನೂ ಇರಲಿಲ್ಲ. ಇವನು ನಮ್ಮ ಥರ ಅಲ್ಲ ಅಂತ ಅವರಿಗೆ ಅನ್ನಿಸಿಬಿಟ್ಟಿತ್ತು, ಅಷ್ಟೆ. ನನಗೆ ಇವತ್ತು ಹಾಡಲು ಇಷ್ಟ ಇದೆಯಾ ಅಂತ ಆ ನಾಲ್ಕು ವರ್ಷದಲ್ಲಿ ಕೇಳಿದವರು ಒಬ್ಬರೇ.

ಅವರು ತಂಡದ ಕೀಬೋರ್ಡ್ ಅಣ್ಣ. ಆಗ ಅವರಿಗೆ ಇಪ್ಪತ್ತೈದೂ ಇರಲಿಲ್ಲವೇನೋ. ವ್ಯಾನಿನಲ್ಲಿ ಟಾರ್ಚ್ ಹಿಡಿದು ನನ್ನ ಕೈಲಿ ಲೆಕ್ಕ ಮಾಡಿಸುತ್ತಿದ್ದರು. ಹನ್ನೊಂದು ಗಂಟೆಗೆ ಬನ್ನು, ಹಾಲು ಕೊಡಿಸುತ್ತಿದ್ದರು. ಒಂದು ಸಲ ಮಳವಳ್ಳಿ ಹತ್ತಿರದ ಹಳ್ಳಿಯಲ್ಲಿ ರಾತ್ರಿ ಎರಡು ಗಂಟೆಗೆ ಜನ ಒನ್ಸ್ ಮೋರ್ ಅಂತ ಕೂಗುತ್ತಿದ್ದಾಗ ಮಾಲೀಕರು ನನ್ನನ್ನು ಎಬ್ಬಿಸಲು ಬಂದರು. ನಾನು ಜಮಖಾನದ ಒಳಗೆ ಎಚ್ಚರವಾಗೇ ಇದ್ದೆ. ಅಣ್ಣ ವ್ಯಾನಿನ ಬಾಗಿಲಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. "ಹುಡುಗ ಮಲಗಿದ್ದಾನೆ" ಅಂದರು. ಮಾಲೀಕರು ಏನೇನೋ ಬೈದರು. ಅಣ್ಣ ಎದ್ದೇಳಲಿಲ್ಲ. ಮತ್ತೆ ಅದೇ ಮಾತು, "ಹುಡುಗ ಮಲಗಿದ್ದಾನೆ". ಆ ರಾತ್ರಿ ನಾನು ನಿಜವಾಗಿಯೂ ನಿದ್ದೆ ಮಾಡಿದೆ.

ಪುಟ್ಟಿಯ ರೂಮಿನ ಗೋಡೆ ತುಂಬ ಬಿಟಿಎಸ್, ದಕ್ಷಿಣ ಕೊರಿಯಾದ ಏಳು ಹುಡುಗರ ಹಾಡಿನ ತಂಡ. ಮೊದಲು ನಾನು ಅದರ ಬಗ್ಗೆ ಅಷ್ಟೇನೂ ತಲೆ ಕೆಡಿಸಿಕೊಂಡಿರಲಿಲ್ಲ. ಅವಳೇ ಕೂರಿಸಿಕೊಂಡು ಹೇಳಿದ್ದು. ಆಮೇಲೆ ನಾನೇ ಹುಡುಕಿ ಹುಡುಕಿ ಓದಿದೆ, ಯಾಕೆಂದರೆ ಆ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನಾದ ಜಂಗ್‌ಕುಕ್ ಕಥೆ ಕೇಳಿ ನನಗೆ ಎದೆಯಲ್ಲಿ ಏನೋ ಆಯಿತು. ಹುಟ್ಟಿದ್ದು 1997ರ ಸೆಪ್ಟೆಂಬರ್ 1, ಬುಸಾನ್ ಊರಲ್ಲಿ. 2011ರಲ್ಲಿ ಒಂದು ಟಿವಿ ಸ್ಪರ್ಧೆಯಲ್ಲಿ ಸೋತ. ಆದರೂ ಕಂಪನಿಗಳು ಕರೆದವು. ಅಪ್ಪ ಅಮ್ಮನನ್ನು ಬಿಟ್ಟು ರಾಜಧಾನಿ ಸೋಲ್‌ಗೆ ಬಂದ. 2013ರ ಜೂನ್ 13ರಂದು ತಂಡ ಶುರುವಾದಾಗ ಅವನಿಗೆ 15 ವರ್ಷ. ಮೊದಮೊದಲು ಏಳು ಜನರೂ ಒಂದೇ ರೂಮಿನಲ್ಲಿ ಮಲಗುತ್ತಿದ್ದರು. ಬೇರೆಯವರ ಎದುರಿಗೆ ಹಾಡಲು ನಾಚಿಕೆಯಾಗಿ ಅಳುತ್ತಿದ್ದನಂತೆ.

ಆದರೆ ಅವನಿಗೆ ಆರು ಜನ ಅಣ್ಣಂದಿರು ಸಿಕ್ಕಿದರು. ಅವರ ಭಾಷೆಯಲ್ಲಿ ಗಂಡುಹುಡುಗ ಅಣ್ಣನಿಗೆ ಹ್ಯೊಂಗ್ ಅನ್ನುತ್ತಾನೆ. ನನ್ನನ್ನು ಬೆಳೆಸಿದ್ದು ಇವರೇ ಅಂತ ಅವನು ಹೇಳಿಕೊಂಡಿದ್ದಾನೆ. 2017ರಲ್ಲಿ ಅವನ ಹೈಸ್ಕೂಲ್ ಮುಗಿದ ಸಮಾರಂಭಕ್ಕೆ ತಂಡದವರೂ ಹೋಗಿದ್ದರು. ಆ ವಿಡಿಯೋ ಪುಟ್ಟಿ ನನಗೆ ತೋರಿಸಿದಳು. ಪ್ರಪಂಚ ತಿರುಗುವ ತಂಡ, ಆದರೂ ತಮ್ಮನ ಶಾಲೆಗೆ ಹೋಗಿ ನಿಂತಿದ್ದಾರೆ. ನನ್ನ ಏಳನೇ ಕ್ಲಾಸಿನ ರಿಸಲ್ಟ್ ದಿನ ಕೀಬೋರ್ಡ್ ಅಣ್ಣ ಸೈಕಲ್ ತುಳಿದುಕೊಂಡು ಶಾಲೆಯ ಗೇಟಿಗೆ ಬಂದಿದ್ದರು, ಅದು ನೆನಪಾಯಿತು.

ಅಣ್ಣಂದಿರು ಇದ್ದರೆ ಎಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಅದೇ ತಂಡದ ಲೀಡರ್ ಆರ್‌ಎಂ 2022ರ ಜೂನ್‌ನಲ್ಲಿ ಎಲ್ಲರ ಎದುರು ಕೂತು, ಈ ವ್ಯವಸ್ಥೆ ಮನುಷ್ಯನಿಗೆ ಮಾಗಲು ಸಮಯವನ್ನೇ ಕೊಡುವುದಿಲ್ಲ ಅನ್ನುವ ಅರ್ಥದ ಮಾತು ಆಡಿದ. ಅಷ್ಟು ಎತ್ತರಕ್ಕೆ ಹೋದವನು ಅದನ್ನು ಹೇಳಬೇಕಾದರೆ ಎಷ್ಟು ದಣಿದಿರಬೇಕು.

ಅಮೆರಿಕದ ಹಾಡುಗಾರ ಮೈಕಲ್ ಜಾಕ್ಸನ್ ಸ್ಟೇಜ್ ಹತ್ತಿದಾಗ ಜಂಗ್‌ಕುಕ್‌ಗಿಂತ ಇನ್ನೂ ಚಿಕ್ಕವನು. ಅಣ್ಣತಮ್ಮಂದಿರು ಐದು ಜನರ ತಂಡಕ್ಕೆ ದೊಡ್ಡ ಹೆಸರು ಬರಲು ಶುರುವಾದ 1969ರಲ್ಲಿ ಅವನಿಗೆ 11. ಆ ಐವರಲ್ಲಿ ಅವನೇ ಕಿರಿಯ. 1993ರಲ್ಲಿ ಟಿವಿ ಸಂದರ್ಶನದಲ್ಲಿ ಅವನು ಹೇಳಿದ್ದು: ರೆಕಾರ್ಡಿಂಗ್ ಸ್ಟುಡಿಯೋ ಎದುರಿಗೆ ಒಂದು ಪಾರ್ಕ್ ಇತ್ತು, ಅಲ್ಲಿ ಮಕ್ಕಳು ಆಡುವುದು ಕಾಣುತ್ತಿತ್ತು, ನಾನು ಕೆಲಸಕ್ಕೆ ಹೋಗಬೇಕಲ್ಲ ಅಂತ ಅಳು ಬರುತ್ತಿತ್ತು. ಅವನಿಗೂ ಜೊತೆಯಲ್ಲಿ ಸ್ವಂತ ಅಣ್ಣಂದಿರಿದ್ದರು. ಆದರೆ ಅವರೂ ಮಕ್ಕಳೇ, ಅವರೂ ಅಪ್ಪನ ಹೆದರಿಕೆಯಲ್ಲೇ ಇದ್ದವರು. ಬಾಗಿಲಲ್ಲಿ ಕೂತು "ಹುಡುಗ ಮಲಗಿದ್ದಾನೆ" ಅನ್ನಲು ಅವರಿಂದ ಹೇಗೆ ಆಗುತ್ತದೆ?

ಇನ್ನೊಂದು ಕಥೆ ಅಕ್ಕನಿಗೆ ಹೇಳಲೇಬೇಕು ಅನ್ನಿಸಿದ್ದು. 2010ರಲ್ಲಿ ಇಂಗ್ಲೆಂಡಿನ ಒಂದು ಟಿವಿ ಸ್ಪರ್ಧೆಗೆ ಬೇರೆ ಬೇರೆಯಾಗಿ ಬಂದಿದ್ದ ಐದು ಹುಡುಗರನ್ನು ಸೇರಿಸಿ ಒನ್ ಡೈರೆಕ್ಷನ್ ಅಂತ ಮಾಡಿದರು. 16ರಿಂದ 18 ವರ್ಷದವರು. ಮೂರನೇ ಸ್ಥಾನ ಬಂತು. ಆಮೇಲೆ 2011ರಿಂದ 2015ರವರೆಗೆ ವರ್ಷಕ್ಕೊಂದರಂತೆ ಐದು ಆಲ್ಬಂ, ನಡುವೆ ಊರೂರು ಸುತ್ತಾಟ. ಅವರಲ್ಲಿ ಒಬ್ಬ ಲಿಯಾಮ್ ಪೇನ್. ಜನರ ನೂಕುನುಗ್ಗಲಿಗೆ ಹೆದರಿ ನಮ್ಮನ್ನು ಹೋಟೆಲ್ ರೂಮಿನಲ್ಲಿ ಬಿಟ್ಟು ಬಾಗಿಲು ಹಾಕುತ್ತಿದ್ದರು, ಆ ರೂಮಿನಲ್ಲಿ ಮಿನಿಬಾರ್ ಇರುತ್ತಿತ್ತು ಅಂತ ಅವನು 2021ರಲ್ಲಿ ಹೇಳಿದ್ದ. ಹುಡುಗರು ಸೇಫಾಗಿದ್ದಾರೆ ಅಂತಲೇ ಎಲ್ಲರೂ ಅಂದುಕೊಂಡಿರಬೇಕು. 2024ರ ಅಕ್ಟೋಬರ್ 16ರಂದು ಬ್ಯೂನಸ್ ಐರಿಸ್‌ನ ಹೋಟೆಲ್ ಬಾಲ್ಕನಿಯಿಂದ ಬಿದ್ದು ತೀರಿಕೊಂಡ. 31 ವರ್ಷ. ಆ ಸುದ್ದಿ ಬಂದ ದಿನ ಪುಟ್ಟಿ ಊಟ ಮಾಡಿರಲಿಲ್ಲ.

ನನ್ನ ದನಿ ಒಡೆದದ್ದು ಸ್ಟೇಜಿನ ಮೇಲೆ. 1998ರ ಗಣಪತಿ ಸೀಸನ್. ಚರಣದಲ್ಲಿ ಮೇಲೆ ಹೋಗುವ ಜಾಗ, ನೂರಾರು ಸಲ ಹಾಡಿದ್ದೆ. ಅವತ್ತು ಗಂಟಲಿನಿಂದ ಏನೋ ಬೇರೆಯೇ ಸದ್ದು ಬಂತು. ಮುಂದಿನ ಸಾಲಿನ ಹುಡುಗರು ಶಿಳ್ಳೆ ಹಾಕಿದರು, ಯಾರೋ ನಕ್ಕರು. ಪಕ್ಕಕ್ಕೆ ತಿರುಗಿದರೆ ಕೀಬೋರ್ಡ್ ಅಣ್ಣ ನನ್ನನ್ನೇ ನೋಡುತ್ತಿದ್ದರು. ಪಲ್ಲವಿಗೆ ಬರುವಷ್ಟರಲ್ಲಿ ಎಡಗೈ ಬೆರಳಲ್ಲಿ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಶ್ರುತಿಯನ್ನು ಎರಡು ಮನೆ ಇಳಿಸಿದರು, ತಲೆ ಆಡಿಸಿದರು, ಹಾಡು ಅಂತ. ಗಿಟಾರಿನವರು ಅವರನ್ನು ದಿಟ್ಟಿಸಿ ನೋಡಿಕೊಂಡೇ ತಡಕಾಡಿ ಹಿಂದೆ ಬಂದರು. ನಾನು ಹಾಡು ಮುಗಿಸಿದೆ.

ಮುಂದಿನ ವರ್ಷ ನನಗೆ ಕರೆ ಬರಲಿಲ್ಲ. ಒಂಬತ್ತು ವರ್ಷದ ಒಬ್ಬ ಹುಡುಗಿ ಬಂದಿದ್ದಳು. ಆರ್ಕೆಸ್ಟ್ರಾ ನಮ್ಮ ಬೀದಿಯ ಗಣಪತಿಗೇ ಬಂದಾಗ ನಾನು ಮನೆಯೊಳಗೆ ದೀಪ ಆರಿಸಿ ಕೂತಿದ್ದೆ, ಅಮ್ಮ ಏನೂ ಕೇಳದೆ ಪಕ್ಕದಲ್ಲಿ ಬಂದು ಕೂತಳು. 15 ವರ್ಷಕ್ಕೇ ನಾನು ಹಳಬನಾಗಿದ್ದೆ. ಮೂವತ್ತು ಹಳ್ಳಿಗೆ ಗೊತ್ತಿದ್ದವನ ಪಾಡೇ ಇದು. ಪ್ರಪಂಚಕ್ಕೇ ಗೊತ್ತಿರುವ ಮಗುವಿಗೆ ಹೇಗಾಗಬೇಡ?

ಈಗ ಆ ನಾಲ್ಕು ಹಾಳೆಗೆ ಬರುತ್ತೇನೆ. ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳು ಕಲಾವಿದರಾಗಿ ಕೆಲಸ ಮಾಡಲು 2017ರಲ್ಲಿ ನಿಯಮ ಬಂದಿದೆ. ಜಿಲ್ಲಾಧಿಕಾರಿ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಇಲ್ಲ, ಮೂರು ಗಂಟೆ ಆದ ಮೇಲೆ ಬಿಡುವು ಕೊಡಲೇಬೇಕು. ದುಡಿದ ಹಣದಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಲ್ಲೇ ಬ್ಯಾಂಕಿನಲ್ಲಿ ಡೆಪಾಸಿಟ್ ಆಗಬೇಕು. ಕೊರಿಯಾದಲ್ಲೂ 2014ರ ಕಾನೂನಿನಲ್ಲಿ 15 ವರ್ಷದೊಳಗಿನವರಿಗೆ ವಾರಕ್ಕೆ 35 ಗಂಟೆ ಅಂತ ಮಿತಿ ಹಾಕಿದ್ದಾರೆ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸಾಮಾನ್ಯವಾಗಿ ಕೆಲಸ ಕೊಡುವ ಹಾಗಿಲ್ಲ. ನಾನು ಹಾಡುತ್ತಿದ್ದ ಹೊತ್ತು ಅದೇ.

ನಮ್ಮ ನಿಯಮದಲ್ಲಿ ಇನ್ನೊಂದು ಸಾಲಿದೆ. ಐದು ಮಕ್ಕಳಿಗೆ ಒಬ್ಬರಾದರೂ ಜವಾಬ್ದಾರಿಯುತ ವ್ಯಕ್ತಿ ಇರಬೇಕು. ಪುಟ್ಟಿಯ ಗ್ರೂಪಿನಲ್ಲಿ ಸರಿಯಾಗಿ ಐದೇ ಮಕ್ಕಳು. ಅಗ್ರಿಮೆಂಟನ್ನು ಮೂರು ಸಲ ಓದಿದೆ. ಬಟ್ಟೆ ಯಾರು ಕೊಡಿಸಬೇಕು, ವಿಡಿಯೋ ಯಾರಿಗೆ ಸೇರಬೇಕು, ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು, ಎಲ್ಲಾ ಇದೆ. ಆ ಒಬ್ಬರು ಯಾರು ಅಂತ ಎಲ್ಲೂ ಇಲ್ಲ. ಫೋನ್ ಮಾಡಿ ಕೇಳಿದೆ. "ಅದೆಲ್ಲಾ ನಾವು ನೋಡ್ಕೋತೀವಿ ಸರ್" ಅಂದರು. ನಾವು ಅಂದರೆ ಯಾರು ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಪುಟ್ಟಿ ಹಾಡಬಾರದು ಅಂತ ನನ್ನ ಮನಸ್ಸಲ್ಲಿ ಇಲ್ಲ. ಸ್ಟೇಜಿನ ಮೇಲೆ ನಿಂತಾಗ ಆಗುವ ಸಂತೋಷ ನನಗೆ ಗೊತ್ತು. ಮೊದಲ ಸಾಲು ಹಾಡಿದ ತಕ್ಷಣ ಇಡೀ ಮೈದಾನ ಸುಮ್ಮನಾಗುತ್ತದಲ್ಲ, ಅದನ್ನು ಆಮೇಲೆ ನಾನು ಬೇರೆಲ್ಲೂ ಕಂಡಿಲ್ಲ. ಅದು ಅವಳಿಗೂ ಸಿಗಲಿ ಅಂತ ಆಸೆಯಿದೆ.

ನಿನ್ನೆ ಕೀಬೋರ್ಡ್ ಅಣ್ಣನಿಗೆ ಫೋನ್ ಮಾಡಿದೆ. ಈಗ ಪಾಂಡವಪುರದಲ್ಲಿ ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಡುತ್ತಾರೆ. ಎಲ್ಲಾ ಹೇಳಿದೆ. ದುಡ್ಡೆಷ್ಟು, ಕಂಪನಿ ಯಾವುದು, ಏನೂ ಕೇಳಲಿಲ್ಲ. "ರಾತ್ರಿ ಮನೆಗೆ ಕರ್ಕೊಂಡು ಬರೋರು ಯಾರು?" ಅಂದರು. ಅಕ್ಕನಿಗೆ ಆ ಮಾತು ಹೇಳಿದೆ. ಅವಳು ನಾಲ್ಕನೇ ಹಾಳೆಯ ಕೆಳಗೆ, ಸೈನ್ ಹಾಕುವ ಜಾಗದ ಮೇಲೆ, ಪೆನ್ಸಿಲ್‌ನಲ್ಲಿ ಅದನ್ನೇ ಬರೆದಿಟ್ಟಿದ್ದಾಳೆ. ಶನಿವಾರ ಬೆಂಗಳೂರಿಗೆ ಹೋಗಿ ಎದುರು ಕೂತು ಮಾತಾಡುವುದು ಅಂತಾಗಿದೆ. ನಾನು ರಜ ಹಾಕಿದ್ದೇನೆ. ಅಣ್ಣನೂ ಮದ್ದೂರಿನಲ್ಲಿ ನಮ್ಮ ಕಾರು ಹತ್ತುತ್ತೇನೆ ಅಂದಿದ್ದಾರೆ.