ಬೆಟ್ಟ ತೋರಿಸುವವರ ನಾಡುಗಳಲ್ಲಿ

ಚಿಕ್ಕಮಗಳೂರಿನ ಕೈಮರದ ಚೆಕ್‌ಪೋಸ್ಟ್‌ಗೆ ಹತ್ತಿರದಲ್ಲಿ ಹೋಂಸ್ಟೇ ನಡೆಸುವವರಿಗೆ ಪ್ರವಾಸಿಗರ ಮೇಲೆ ಒಂದು ಬಗೆಯ ಅಸಹನೆ ತಾನಾಗಿಯೇ ಬೆಳೆಯುತ್ತದೆ. ಅದನ್ನು ಮುಖದಲ್ಲಿ ತೋರಿಸಿಕೊಳ್ಳದೆ ಅಕ್ಕಿರೊಟ್ಟಿ ಬಡಿಸುವುದೇ ನಮ್ಮ ಕಸುಬು. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರ, ಕರ್ನಾಟಕಕ್ಕೇ ಎತ್ತರದ ಶಿಖರ. ವಾರಾಂತ್ಯದಲ್ಲಿ ಅದನ್ನು ನೋಡಲು ಬೆಂಗಳೂರಿನ ಅರ್ಧ ಕಾರುಗಳು ಇಲ್ಲಿಗೇ ಬಂದಂತಿರುತ್ತದೆ. ರಸ್ತೆ ಕಿರಿದು, ತಿರುವು ಕಡಿದು, ಹಾರನ್ ಮಾತ್ರ ಧಾರಾಳ. ಭಾನುವಾರ ಸಂಜೆ ರಸ್ತೆಬದಿಯ ಬೇಲಿಯಲ್ಲಿ ಸಿಕ್ಕಿಕೊಂಡ ಚಿಪ್ಸ್ ಪೊಟ್ಟಣಗಳನ್ನು ನಮ್ಮ ಆಳುಗಳೇ ಹೆಕ್ಕಬೇಕು.

ಇಂಥ ನಾನು ಹೋದ ವರ್ಷ ದಸರಾ ಜಂಗುಳಿ ಮುಗಿಸಿ, ಅರೇಬಿಕಾ ಕಾಫಿ ಹಣ್ಣಾಗುವ ಮೊದಲಿನ ಸಣ್ಣ ಬಿಡುವಿನಲ್ಲಿ, ಕೊರಳಿಗೆ ಪ್ರವಾಸ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡು, ಬಾವುಟ ಹಿಡಿದ ಮ್ಯಾನೇಜರನ ಹಿಂದೆ ಡಾರ್ಜಿಲಿಂಗ್, ಸಿಕ್ಕಿಂ, ಭೂತಾನ್, ನೇಪಾಳ ಸುತ್ತಿ ಬಂದೆ. ಜೊತೆಗೆ ಕಡೂರಿನ ನಾದಿನಿ. ತೋಟ ನೋಡಿಕೊಳ್ಳಲು ಯಜಮಾನರು ಉಳಿದರು. ಅವರಿಗೆ ಹಿಮವೆಂದರೆ ಫ್ರಿಜ್ಜಿನಲ್ಲಿರುವುದೇ ಸಾಕು. ಬಾಗ್ಡೋಗ್ರಾದಲ್ಲಿ ವಿಮಾನ ಇಳಿದ ಹೊತ್ತಿನಿಂದ ನನ್ನ ಕಣ್ಣು ಬೆಟ್ಟಕ್ಕಿಂತ ಬೆಟ್ಟ ತೋರಿಸುವವರ ಮೇಲೆಯೇ ಇತ್ತು. ಯಾರು ಹೇಗೆ ತೋರಿಸುತ್ತಾರೆ, ಎಷ್ಟು ವಸೂಲು ಮಾಡುತ್ತಾರೆ, ಆ ದುಡ್ಡು ಯಾರ ಕೈ ಸೇರುತ್ತದೆ? ಕಸುಬಿನವರ ಚಾಳಿ ಎನ್ನಿ.

ಡಾರ್ಜಿಲಿಂಗ್‌ನಲ್ಲಿ ನಸುಕಿಗೂ ಮೊದಲೇ ಎಬ್ಬಿಸಿ ಟೈಗರ್ ಹಿಲ್‌ಗೆ ಕರೆದೊಯ್ದರು. ಎತ್ತರ 2590 ಮೀಟರ್. ಆದರೆ ತುದಿ ಇನ್ನೂ ದೂರವಿರುವಾಗಲೇ ಜೀಪುಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ನಿಂತವು. ಇಳಿದು ನಡೆದೆವು. ಡೀಸೆಲ್ ಹೊಗೆ, ಹಾರನ್, ಕತ್ತಲಲ್ಲಿ ಕಳೆದುಹೋದ ಮಗುವನ್ನು ಕೂಗುತ್ತಿರುವ ಯಾರದೋ ಅಜ್ಜಿ. ಇದನ್ನು ನೋಡಲು ಇಷ್ಟು ದೂರ ಬರಬೇಕಿರಲಿಲ್ಲ, ಮನೆಯ ಗೇಟಿನಲ್ಲೇ ನಿಲ್ಲಬಹುದಿತ್ತು ಎಂದೆ. ನಾದಿನಿ ನಕ್ಕಳು. ಮೇಲೆ ಹೆಂಗಸರು ಫ್ಲಾಸ್ಕ್ ಹಿಡಿದು ‘ಕಾಫಿ, ಕಾಫಿ’ ಎಂದು ಓಡಾಡುತ್ತಿದ್ದರು. ಕಾಫಿ ಬೆಳೆಯುವವಳು ಚಹಾ ಬೆಳೆಯುವ ನಾಡಿನಲ್ಲಿ ಕಾಗದದ ಲೋಟದಲ್ಲಿ ಕುಡಿದ ಆ ಇನ್‌ಸ್ಟಂಟ್ ದ್ರವದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಸಿಯಾಗಿತ್ತು.

ಆಮೇಲೆ ಕಾಂಚನಜುಂಗಾ ಕಾಣಿಸಿತು. ಮೊದಲು ತುದಿಗೆ ಮಾತ್ರ ಕೆಂಪು ಹತ್ತಿತು. ನಾನು ಬೆಟ್ಟವನ್ನು ದಿಗಂತದಲ್ಲಿ ಹುಡುಕುತ್ತಿದ್ದೆ; ಅದಿದ್ದದ್ದು ಮೋಡವೆಂದು ನಾನು ಬಿಟ್ಟುಬಿಟ್ಟಿದ್ದ ಎತ್ತರದಲ್ಲಿ. 8586 ಮೀಟರ್, ಜಗತ್ತಿನಲ್ಲಿ ಮೂರನೆಯದು. ಅಷ್ಟು ಹೊತ್ತು ಗದ್ದಲ ಮಾಡುತ್ತಿದ್ದ ಜನ ‘ಓ’ ಎಂದರು, ನಂತರ ಎಲ್ಲರೂ ಬೆಟ್ಟಕ್ಕೆ ಬೆನ್ನು ಹಾಕಿ ಸೆಲ್ಫಿಗೆ ನಿಂತರು.

ಸಿಕ್ಕಿಂ ಕಡೆಗೆ ಹೋಗುವ ದಾರಿಯಲ್ಲಿ ಈ ಬೆಟ್ಟದ ಕಥೆಯನ್ನು ಚಾಲಕ ಹೇಳಿದ. 1955ರಲ್ಲಿ ಮೊದಲ ಬಾರಿಗೆ ಹತ್ತಿದ ಬ್ರಿಟಿಷ್ ತಂಡದ ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ತುತ್ತತುದಿಯನ್ನು ತುಳಿಯದೆ ಕೆಲವೇ ಅಡಿ ಕೆಳಗೆ ನಿಂತು ಮರಳಿದರು. ಸಿಕ್ಕಿಮಿನ ಜನರಿಗೆ ಅದು ದೇವರು, ದೇವರ ತಲೆಯ ಮೇಲೆ ಕಾಲಿಡುವುದಿಲ್ಲ ಎಂದು ಅಲ್ಲಿನ ಅರಸರಿಗೆ ಮಾತು ಕೊಟ್ಟಿದ್ದರು. ನಮ್ಮಲ್ಲಿ ಮುಳ್ಳಯ್ಯನಗಿರಿಯ ತುದಿಯಲ್ಲಿರುವ ಮುಳ್ಳಪ್ಪಸ್ವಾಮಿಯ ಗದ್ದುಗೆಯ ಪಕ್ಕದಲ್ಲೇ ಡ್ರೋನ್ ಹಾರಿಸಲು ಬರುವವರನ್ನು ನೆನೆದು ಸುಮ್ಮನಾದೆ.

ತೀಸ್ತಾ ಕಣಿವೆಯ ಹೆದ್ದಾರಿ ನಮ್ಮ ಶಿರಾಡಿ, ಚಾರ್ಮಾಡಿಗಳನ್ನು ಕಂಡವರಿಗೆ ಹೊಸದಲ್ಲ. ಮಳೆಗಾಲದಲ್ಲಿ ಗುಡ್ಡ ಜಾರುವುದು, ಒಂದು ಬದಿ ಮಾತ್ರ ವಾಹನ ಬಿಡುವುದು, ಎಲ್ಲ ಅದೇ. ಆದರೆ ನದಿಯ ಪಾತ್ರ ನೋಡಿದರೆ ಎದೆ ಝಲ್ಲೆನ್ನುತ್ತದೆ. 2023ರ ಅಕ್ಟೋಬರ್ 3ರ ರಾತ್ರಿ ದಕ್ಷಿಣ ಲೊನಾಕ್ ಎಂಬ ಹಿಮಸರೋವರ ಒಡೆದು, ಚುಂಗ್‌ಥಾಂಗ್‌ನ ಅಣೆಕಟ್ಟನ್ನೇ ಕೊಚ್ಚಿಕೊಂಡು ಬಂದ ನೀರು ಇದೇ ದಾರಿಯಲ್ಲಿ ಇಳಿದದ್ದು. ಬೂದು ಹೂಳು ಇನ್ನೂ ದಡದಲ್ಲಿ ಗಟ್ಟಿಯಾಗಿ ಕೂತಿದೆ.

ಸಿಕ್ಕಿಂನ ನಿಯಮಗಳು ನನಗೆ ಹಿಡಿಸಿದವು. ಚೀನಾ ಗಡಿಯ ನಾಥುಲಾದಂಥ ಕಡೆಗೆ ಹೋಗಲು ಪರವಾನಗಿ ಬೇಕು, ಅದೂ ಸಿಕ್ಕಿಂ ನೋಂದಣಿಯ ಟ್ಯಾಕ್ಸಿಯಲ್ಲೇ ಹೋಗಬೇಕು. ಬೇರೆ ರಾಜ್ಯದವರ ದೊಡ್ಡ ಕಾರು ಗ್ಯಾಂಗ್ಟಾಕ್‌ನಲ್ಲೇ ನಿಲ್ಲುತ್ತದೆ, ಬಾಡಿಗೆ ಊರಿನ ಹುಡುಗನಿಗೆ ಸಿಗುತ್ತದೆ, ತಿರುವು ಗೊತ್ತಿರುವವನು ಗಾಡಿ ಓಡಿಸುತ್ತಾನೆ. ಪ್ರವಾಸಿ ವಾಹನಗಳಲ್ಲಿ ಕಸದ ಚೀಲ ಕಡ್ಡಾಯ. ಪ್ಲಾಸ್ಟಿಕ್ ಬಾಟಲಿಯ ನೀರನ್ನು 2022ರ ಜನವರಿಯಿಂದಲೇ ನಿಷೇಧಿಸಿದ್ದಾರೆ. ನಮ್ಮ ಗುಂಪಿನ ದಾವಣಗೆರೆಯ ಹಿರಿಯರೊಬ್ಬರು ‘ದುಡ್ಡು ಕೊಡುತ್ತೇನೆ ಎಂದರೂ ಬಿಸ್ಲೇರಿ ಸಿಗುವುದಿಲ್ಲವೇ?’ ಎಂದು ಅಂಗಡಿಯಿಂದ ಅಂಗಡಿಗೆ ಅಲೆದರು. ನನಗೆ ಒಳಗೊಳಗೇ ಖುಷಿ.

ಗ್ಯಾಂಗ್ಟಾಕ್‌ನಿಂದ ಹೊರಗೆ ಒಂದು ಇಳಿಜಾರಿನಲ್ಲಿ ಚಾಲಕನನ್ನು ಬೇಡಿಕೊಂಡು ಗಾಡಿ ನಿಲ್ಲಿಸಿದೆ. ಕಾರ್ಯಕ್ರಮ ಪಟ್ಟಿಯಲ್ಲಿ ಇದಿರಲಿಲ್ಲ. ಮ್ಯಾನೇಜರ್ ಗಡಿಯಾರ ನೋಡಿಕೊಂಡ. ರಸ್ತೆಯ ಕೆಳಗೆ ನೀರು ಜಿನುಗುವ ಜಾಗದಲ್ಲಿ ‘ದೊಡ್ಡ ಏಲಕ್ಕಿ’ ಎಂಬ ಬೆಳೆಯ ತೋಟ. ಎಲೆ, ನಿಲುವು ನಮ್ಮ ಏಲಕ್ಕಿಯ ನೆಂಟನಂತೆಯೇ. ಆದರೆ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡಂತೆ, ಕಂದುಗೆಂಪು ಕಾಯಿಗಳ ಗೊಂಚಲು. ಮೇಲೆ ನೆರಳಿಗೆ ‘ಉತ್ತಿಸ್’ ಎಂಬ ಮರ. ಇದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ, ಉದುರಿದ ಎಲೆ ಗೊಬ್ಬರವಾಗುತ್ತದೆ. ನಾವು ಸಿಲ್ವರ್ ಓಕ್ ನೆಟ್ಟು ಮೆಣಸಿನ ಬಳ್ಳಿ ಹಬ್ಬಿಸಿ ಬುಡಕ್ಕೆ ಯೂರಿಯಾ ಹೊರುತ್ತೇವೆ. ಪಕ್ಕದ ಭಟ್ಟಿಯಲ್ಲಿ ಸೌದೆ ಉರಿಸಿ ಕಾಯಿ ಒಣಗಿಸುತ್ತಿದ್ದರು. ಮಸಾಲೆ ಅಂಗಡಿಯ ಕಪ್ಪು ಏಲಕ್ಕಿಗೆ ಇರುವ ಆ ಹೊಗೆಯ ವಾಸನೆ ಬಂದದ್ದು ಎಲ್ಲಿಂದ ಎಂಬುದು ಆಗ ತಿಳಿಯಿತು. ಒಂದು ಹಸಿ ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡೆ: ಲೋಳೆ, ಸಿಹಿ, ಆಮೇಲೆ ಕರ್ಪೂರದ ತಂಪು.

ತೋಟದ ಹೆಂಗಸಿಗೆ ನನ್ನ ಹಿಂದಿ ಅಷ್ಟಕ್ಕಷ್ಟೆ, ನನಗೆ ಅವಳ ನೇಪಾಳಿ ಸುತರಾಂ ಬಾರದು. ಆದರೂ ಅವಳು ಹಳದಿ ಗೆರೆ ಮೂಡಿದ ಎಲೆಯೊಂದನ್ನು ಎತ್ತಿ ‘ಚಿರ್ಕೆ’ ಎಂದಾಗ ಅರ್ಥವಾಯಿತು. ನಮ್ಮ ಏಲಕ್ಕಿಯ ಕಟ್ಟೆ ರೋಗದ ದಾಯಾದಿ ಇದು. ಅಲ್ಲೂ ಗಿಡಹೇನಿನಿಂದ ಹರಡುವ ವೈರಸ್, ಇಲ್ಲೂ ಅದೇ. ಗಿಡ ಗಿಡ್ಡವಾಗಿ ಪೊದೆಯಂತಾಗುವ ‘ಫುರ್ಕೆ’ ಎಂಬುದು ಇನ್ನೊಂದಂತೆ. ನಮ್ಮ ಮಾವನವರ ಕಾಲದಲ್ಲಿ ಹಳ್ಳದ ಬದಿಯ ಏಲಕ್ಕಿಯೆಲ್ಲ ಕಟ್ಟೆಗೆ ಹೋಯಿತು. ರೋಗ ತಗುಲಿದ ಬುಡವನ್ನು ಕಿತ್ತು ಸುಡುವುದೊಂದೇ ದಾರಿ. ನಾನು ಕೀಳುವಂತೆ, ಸುಡುವಂತೆ ಕೈಯಲ್ಲೇ ಅಭಿನಯಿಸಿದೆ. ಅವಳು ತಲೆಯಾಡಿಸಿ ನಕ್ಕಳು. ಗೊತ್ತಿದೆ, ಕೀಳಲು ಮನಸ್ಸಾಗಬೇಕಲ್ಲ ಎಂಬ ನಗು ಅದು. ಇಡೀ ಪ್ರವಾಸದಲ್ಲಿ ನಾನು ಯಾರೊಂದಿಗಾದರೂ ನಿಜವಾಗಿ ಮಾತಾಡಿದ್ದರೆ ಅದು ಅಲ್ಲಿಯೇ.

ನಾಥುಲಾ ಬಗ್ಗೆ ಹೇಳಲು ಹೆಚ್ಚಿಲ್ಲ. 4310 ಮೀಟರ್ ಎತ್ತರ, ಬೇಲಿಯಾಚೆ ಚೀನಾದ ಸೈನಿಕ, ಈಚೆ ನಮ್ಮವನು, ನಡುವೆ ಉಸಿರು ಕಟ್ಟಿದ ನನ್ನ ನಾದಿನಿ.

ಬಂಗಾಳದ ಗಡಿಯೂರು ಜೈಗಾಂವ್‌ನಿಂದ ಭೂತಾನ್ ಒಳಗೆ ಕಾಲಿಟ್ಟರೆ ಹತ್ತು ಹೆಜ್ಜೆಯಲ್ಲಿ ಹಾರನ್ ನಿಲ್ಲುತ್ತದೆ. ಇದು ಉತ್ಪ್ರೇಕ್ಷೆಯಲ್ಲ. ಗೇಟಿನ ಈಚೆ ತಳ್ಳುಗಾಡಿ, ಸೈಕಲ್ ರಿಕ್ಷಾ, ಬೈಗುಳ. ಆಚೆ ಫುಂಟ್‌ಶೋಲಿಂಗ್‌ನಲ್ಲಿ ಜನ ರಸ್ತೆ ದಾಟಲು ಕಾರುಗಳೇ ಕಾದು ನಿಲ್ಲುತ್ತವೆ. ಗಡಿಯಾರ ಅರ್ಧ ಗಂಟೆ ಮುಂದೆ ಹೋಯಿತು. ಅಲ್ಲಿನ ಗಂಡಸರ ನಿಲುವಂಗಿ ‘ಘೋ’ ತೊಟ್ಟ ಗೈಡ್ ಬಂದು, ಇನ್ನು ಇವರೆಲ್ಲ ನನ್ನ ಜವಾಬ್ದಾರಿ ಎಂಬಂತೆ ನಮ್ಮನ್ನು ಎಣಿಸಿಕೊಂಡ. ಭಾರತೀಯರು ಒಬ್ಬೊಬ್ಬರೂ ರಾತ್ರಿಗೆ 1200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಬೇರೆ ವಿದೇಶಿಯರಿಗೆ 100 ಡಾಲರ್, ನಡುವೆ ಅದು 200 ಆಗಿ ಮತ್ತೆ ಇಳಿದದ್ದು 2023ರಲ್ಲಿ. ಹೋಟೆಲು, ಊಟ ಎಲ್ಲ ಬೇರೆ. ಗುಂಪಿನಲ್ಲಿ ಗೊಣಗಾಟ ಶುರುವಾಯಿತು. ‘ಅರಣ್ಯ ಶೇಕಡಾ 60ಕ್ಕಿಂತ ಕಡಿಮೆಯಾಗಬಾರದು ಎಂದು ನಮ್ಮ ಸಂವಿಧಾನದಲ್ಲೇ ಬರೆದಿದೆ, ಶಾಲೆ–ಆಸ್ಪತ್ರೆಗೆ ನಾವು ದುಡ್ಡು ಕೊಡುವುದಿಲ್ಲ, ಅದಕ್ಕೆಲ್ಲ ಎಲ್ಲಿಂದಲೋ ಬರಬೇಕಲ್ಲ’ ಎಂದು ಗೈಡ್ ಶಾಂತವಾಗಿ ಹೇಳಿದ. ಪರ್ವತಾರೋಹಣವನ್ನು 2003ರಿಂದ ಪೂರ್ತಿ ನಿಲ್ಲಿಸಿದ್ದಾರೆ. ಹಾಗಾಗಿ 7570 ಮೀಟರ್ ಎತ್ತರದ ಗಂಗ್‌ಖರ್ ಪುನ್ಸುಮ್ ಇವತ್ತಿಗೂ ಯಾರೂ ಹತ್ತದ ಶಿಖರಗಳಲ್ಲಿ ಜಗತ್ತಿಗೇ ದೊಡ್ಡದು.

ಪಾರೋದ ತಕ್ತ್‌ಸಂಗ್ ಮಠಕ್ಕೆ ಹತ್ತಿದ್ದು ನನ್ನ ಮೊಣಕಾಲಿಗೆ ಇನ್ನೂ ನೆನಪಿದೆ. ಬಂಡೆಯ ಮೈಗೆ ಅಂಟಿಸಿದಂತಿರುವ ಈ ಮಠ 1692ರದು, 1998ರಲ್ಲಿ ಬೆಂಕಿಗೆ ಆಹುತಿಯಾಗಿ ಮತ್ತೆ ಕಟ್ಟಿದ್ದು. ಅರ್ಧ ದಾರಿಯ ತನಕ ಕುದುರೆ ಸಿಗುತ್ತದೆ. ನಾದಿನಿ ಕುದುರೆಯೇರಿ ಅಲ್ಲಿನ ಕೆಫೆಯಲ್ಲೇ ಕೂತಳು. ನಾನು ಏದುಸಿರು ಬಿಡುತ್ತಾ ಬಾಗಿಲು ಮುಟ್ಟಿದಾಗ ಮೊಬೈಲ್, ಚೀಲ ಎಲ್ಲ ಹೊರಗೆ ಇಡಿ ಎಂದರು. ಒಳಗೆ ಫೋಟೊ ಇಲ್ಲ. ಬಾಗ್ಡೋಗ್ರಾದಿಂದ ಪ್ರತಿ ಮೈಲಿಗಲ್ಲನ್ನೂ ವಿಡಿಯೊ ಮಾಡಿದ್ದ ದಾವಣಗೆರೆಯ ಹಿರಿಯರು ಮೊಬೈಲ್ ಒಪ್ಪಿಸಿದ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಜೇಬಿಗೆ ಹಾಕಿದರು, ಒಮ್ಮೆ ಬೆನ್ನ ಹಿಂದೆ ಕಟ್ಟಿದರು. ಆಮೇಲೆ ಬೆಣ್ಣೆದೀಪದ ಮುಂದೆ ಬಹಳ ಹೊತ್ತು ನಿಂತರು. ಇಳಿಯುವಾಗ ಅವರು ಶುಲ್ಕದ ಮಾತೆತ್ತಲಿಲ್ಲ.

ಹಾಗೆಂದು ಭೂತಾನನ್ನು ನಾನು ಹಾಡಿ ಹೊಗಳುವುದಿಲ್ಲ. ನಾಲ್ಕು ಜನರ ಕುಟುಂಬಕ್ಕೆ ರಾತ್ರಿಗೆ 4800 ರೂಪಾಯಿ ಎಂದರೆ ಹಾಸನದ ಆಟೊ ಚಾಲಕನ ಮನೆಯವರು ಆ ಗೇಟು ದಾಟುವುದಿಲ್ಲ. ಅದೇ ಕ್ರಮವನ್ನು ನಮ್ಮ ಗಿರಿಗೂ ತನ್ನಿ ಎನ್ನುವ ರೆಸಾರ್ಟ್ ಮಾಲೀಕರನ್ನು ನಾನು ಕಂಡಿದ್ದೇನೆ. ಆಗದು. ಹರಕೆ ಹೊತ್ತು ಬರಿಗಾಲಲ್ಲಿ ಹತ್ತುವವರ ಬೆಟ್ಟ ಅದು. ಅವರಿಂದ ದುಡ್ಡು ಕೇಳುವ ಹಕ್ಕು ಯಾರಿಗಿದೆ? ನಮಗೆ ಹೊಂದುವುದು ಸಿಕ್ಕಿಂ ದಾರಿ: ಕಾರು ಕೆಳಗಿರಲಿ, ಊರಿನ ಜೀಪು ಮೇಲೆ ಹೋಗಲಿ, ಕಸ ಅದೇ ಜೀಪಿನಲ್ಲಿ ಕೆಳಗಿಳಿಯಲಿ.

ಊಟದ ವಿಷಯ. ಕಂಪನಿಯವರು ಬೆಂಗಳೂರಿನಿಂದಲೇ ಅಡುಗೆಯವರನ್ನು, ಸಾರಿನ ಪುಡಿಯನ್ನು ಹೊತ್ತು ತಂದಿದ್ದರು. ಪುನಾಖಾದಲ್ಲಿ ಎರಡು ನದಿ ಸೇರುವ ಕಡೆ 1637ರ ಕೋಟೆ–ಮಠ ನೋಡಿಬಂದು, ಕೆಂಪಕ್ಕಿ ಬೆಳೆಯುವ ಊರಿನಲ್ಲಿ ಕೂತು ಸೋನಾ ಮಸೂರಿ ಉಂಡೆವು. ಮಲೆನಾಡಿಗೆ ಬಂದು ಕಡುಬು ಬಿಟ್ಟು ಪನೀರ್ ಬಟರ್ ಮಸಾಲ ಕೇಳುವವರ ಮೇಲೆ ಸಿಡಿಮಿಡಿಗೊಳ್ಳುವ ನನಗೆ ಇದು ತಡೆಯಲಾಗಲಿಲ್ಲ. ಗೈಡ್‌ನನ್ನು ಕೇಳಿ ಅವನ ಪಾಲಿನ ಎಮ ದತ್ಶಿ ತರಿಸಿಕೊಂಡೆ. ಮೆಣಸಿನಕಾಯಿಯೇ ತರಕಾರಿ, ಚೀಸೇ ಗೊಜ್ಜು. ಕಣ್ಣೀರು ಸುರಿಸುತ್ತಾ ಎರಡು ಸಲ ಬಡಿಸಿಕೊಂಡೆ.

ಪಾರೋದಿಂದ ಕಠ್ಮಂಡುವಿಗೆ ವಿಮಾನದಲ್ಲಿ ಬಲಬದಿಯ ಕಿಟಕಿ ಸಿಕ್ಕಿತು. ಎವರೆಸ್ಟ್ ಕಂಡಿತು, ಸುತ್ತಲಿನ ಶಿಖರಗಳ ನಡುವೆ ನಾನು ಎಣಿಸಿದಷ್ಟು ಗತ್ತಿಲ್ಲದೆ. ಭೂತಾನಿಗಿಂತ ನೇಪಾಳ ಕಾಲು ಗಂಟೆ ಹಿಂದೆ, ನಮಗಿಂತ ಕಾಲು ಗಂಟೆ ಮುಂದೆ. ನಾದಿನಿ ಗಡಿಯಾರ ತಿರುಗಿಸುವುದನ್ನೇ ಬಿಟ್ಟಳು.

ಪಶುಪತಿನಾಥದಲ್ಲಿ ನಮ್ಮ ಗುಂಪಿಗೆ ಮೈಯೆಲ್ಲ ಹೆಮ್ಮೆ. ಅಲ್ಲಿ ಮೂಲಲಿಂಗವನ್ನು ಮುಟ್ಟಿ ಪೂಜಿಸುವ ಭಟ್ಟರು ತಲೆಮಾರುಗಳಿಂದ ಕರ್ನಾಟಕದ ಕಡೆಯಿಂದ ಹೋದವರು. ಮಾವೋವಾದಿಗಳ ಸರ್ಕಾರವಿದ್ದಾಗ ನೇಪಾಳದವರನ್ನೇ ನೇಮಿಸಲು ಹೋಗಿ ದೊಡ್ಡ ಗದ್ದಲವಾಗಿ, 2009ರಲ್ಲಿ ಅದು ನಿಂತಿತು. ‘ನಿಮ್ಮವರೇ’ ಎಂದು ಗೈಡ್ ಹೇಳಿದ ತಕ್ಷಣ ಸಾಲಿನಲ್ಲಿ ಮುಂದೆ ಬಿಡುತ್ತಾರೇನೋ ಎಂದು ಕೆಲವರು ಆಸೆಪಟ್ಟರು. ಬಿಡಲಿಲ್ಲ. ಅಂದು ಕುಕುರ್ ತಿಹಾರ್, ನಾಯಿಗಳ ಹಬ್ಬ. ಬೀದಿನಾಯಿಗಳ ಕೊರಳಿಗೆಲ್ಲ ಚೆಂಡುಹೂವಿನ ಹಾರ, ಹಣೆಗೆ ಕೆಂಪು ತಿಲಕ. ಒಂದು ನಾಯಿ ತನ್ನ ಹಾರವನ್ನು ತಾನೇ ಅಗಿಯುತ್ತಾ ಕೂತಿತ್ತು.

ಪೋಖರಾದಲ್ಲಿ ಮಚ್ಛಪುಚ್ಛ್ರೆ, ಮೀನಿನ ಬಾಲದಂಥ ಶಿಖರ, ಸರೋವರದ ಮೇಲೆ ನಿಂತಿದೆ. 1957ರಲ್ಲಿ ಬ್ರಿಟಿಷ್ ತಂಡವೊಂದು ತುದಿಗೆ ಸ್ವಲ್ಪವೇ ಕೆಳಗೆ ನಿಂತು ಮರಳಿತು. ಆಮೇಲೆ ಯಾರಿಗೂ ಅನುಮತಿ ಇಲ್ಲ, ಅದು ಶಿವನದು. ಅದೇ ನೇಪಾಳ ಎವರೆಸ್ಟ್ ಹತ್ತುವ ವಿದೇಶಿಯರ ಶುಲ್ಕವನ್ನು 2025ರಲ್ಲಿ 11,000 ಡಾಲರಿನಿಂದ 15,000ಕ್ಕೆ ಏರಿಸಿತು. ಒಂದು ಬೆಟ್ಟಕ್ಕೆ ಬೀಗ, ಇನ್ನೊಂದಕ್ಕೆ ಬೆಲೆಪಟ್ಟಿ. ಇದೇನು ಲೆಕ್ಕ ಎಂದು ಗೈಡ್‌ನನ್ನು ಕೇಳಿದೆ. ‘ಒಂದು ದೇವರಿಗೆ, ಒಂದು ಹೊಟ್ಟೆಗೆ’ ಎಂದ. ವಾದಿಸಲು ನನ್ನ ಬಳಿ ಏನೂ ಇರಲಿಲ್ಲ.

ಹೋಗುವ ಯೋಚನೆಯಿದ್ದವರಿಗೆ: ಭೂತಾನ್, ನೇಪಾಳ ಎರಡಕ್ಕೂ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಬೇಕು, ಆಧಾರ್ ಒಂದನ್ನೇ ನಂಬಿ ಹೋಗಬೇಡಿ. ನಾಥುಲಾಗೆ ಸೋಮವಾರ, ಮಂಗಳವಾರ ಬಿಡುವುದಿಲ್ಲ. ಕಂಪನಿಯವರ ಪಟ್ಟಿಯಲ್ಲಿ ಆ ದಿನಗಳಿಗೆ ಅದನ್ನು ಹಾಕಿದ್ದರೆ ಮೊದಲೇ ಕೇಳಿ. ಸ್ವೆಟರ್ ಒಂದು ಕಡಿಮೆಯಾದರೂ ಪರವಾಗಿಲ್ಲ, ಮೊಣಕಾಲಿನ ಪಟ್ಟಿ ಮರೆಯಬೇಡಿ. ಮತ್ತು ಅಡುಗೆಯವರನ್ನು ಜೊತೆಗೆ ಕರೆದೊಯ್ಯುತ್ತೇವೆ ಎಂದು ಜಂಬ ಕೊಚ್ಚುವ ಕಂಪನಿಯಾದರೆ, ವಾರದಲ್ಲಿ ಎರಡು ಹೊತ್ತಾದರೂ ಅವರಿಗೆ ರಜೆ ಕೊಡಿ ಎಂದು ಮುಂಗಡ ಕಟ್ಟುವಾಗಲೇ ಹೇಳಿಬಿಡಿ.