ಕಂಬಳಿಯ ಅಂಚು, ಕತ್ತಿನ ಬುಡ

ಹನ್ನೆರಡು ವರ್ಷಗಳ ಕಾಲ ಸರ್ವಾಂಗಾಸನವನ್ನು, ಅಂದರೆ ಹೆಗಲ ಮೇಲೆ ಮೈಯನ್ನು ತಲೆಕೆಳಗಾಗಿ ನಿಲ್ಲಿಸುವ ಆಸನವನ್ನು, ಒಂದೇ ಒಂದು ಜಮಖಾನದ ಮೇಲೆ ಮಾಡುತ್ತ ಬಂದವಳು ನಾನು. ಕಾಲು ನೆಟ್ಟಗೆ ನಿಂತರೆ ಆಸನ ಬಂದಂತೆಯೇ ಎಂದು ನನಗೆ ಕಲಿಸಿದವರೂ ನಂಬಿದ್ದರು, ನಾನೂ ನಂಬಿದ್ದೆ. ಇಳಿದ ಮೇಲೆ ಕತ್ತಿನ ಬುಡದಲ್ಲಿ ಉಬ್ಬಿ ನಿಂತ ಮೂಳೆಯ ಸುತ್ತ ಚರ್ಮ ಕೆಂಪಾಗಿ, ಸಂಜೆಯವರೆಗೂ ಉಳಿಯುತ್ತಿದ್ದ ಮಂದ ನೋವನ್ನು ಅಭ್ಯಾಸದ ಫಲವೆಂದೇ ತಿಳಿದಿದ್ದೆ.

ಆ ಮೂಳೆ ಕತ್ತಿನ ಏಳನೆಯ ಕಶೇರು. ಸಮತಟ್ಟಾದ ನೆಲದ ಮೇಲೆ ಮುಂಡವನ್ನು ಲಂಬವಾಗಿ ನಿಲ್ಲಿಸಬೇಕಾದರೆ ಕತ್ತು ಹೆಚ್ಚುಕಡಿಮೆ ಲಂಬಕೋನದಷ್ಟು ಬಾಗಬೇಕಾಗುತ್ತದೆ. ಅಷ್ಟು ಬಾಗುವ ಕತ್ತು ಬಹುತೇಕ ಯಾರಿಗೂ ಇರುವುದಿಲ್ಲವಾದ್ದರಿಂದ, ಹೆಗಲು ಮತ್ತು ತೋಳುಗಳು ಹೊರಬೇಕಾದ ಭಾರವನ್ನು ಕತ್ತು ಹೊರುತ್ತದೆ. ಗಟ್ಟಿಯಾದ ಕಂಬಳಿಗಳನ್ನು ಮಡಿಸಿ, ಒಂದರ ಮೇಲೊಂದು ಇಟ್ಟು, ಹೆಗಲನ್ನು ಅವುಗಳ ಮೇಲೂ ತಲೆಯನ್ನು ಕೆಳಗೆ ನೆಲದ ಮೇಲೂ ಇರಿಸಿದಾಗ ಈ ಕೋನ ಸಡಿಲಗೊಂಡು ಕತ್ತು ಇಳಿಜಾರಿನಲ್ಲಿ ಹಗುರವಾಗಿ ಮಲಗುತ್ತದೆ. ಹೆಗಲು ಕಂಬಳಿಯ ಅಂಚಿನಿಂದ ಎರಡು ಬೆರಳಿನಷ್ಟು ಒಳಗಿರಬೇಕು. ಕತ್ತಿನ ಕಡೆಗೆ ಬರುವುದು ಮಡಿಕೆಯ ದುಂಡನೆಯ ಅಂಚೇ ಹೊರತು ಕುಚ್ಚುಗಳ ತುದಿಯಲ್ಲ. ಮೆತ್ತನೆಯ ರಜಾಯಿ ಇದಕ್ಕೆ ಬಾರದು. ಭಾರ ಬಿದ್ದೊಡನೆ ಕುಸಿದುಹೋಗುತ್ತದೆ.

ಈ ಆಸನದ ಪೂರ್ತಿ ಹೆಸರು ಸಾಲಂಬ ಸರ್ವಾಂಗಾಸನ. ಸ, ಆಲಂಬ ಸೇರಿ ಸಾಲಂಬ: ಆಧಾರವಿರುವಂಥದು. ಬೆನ್ನಿಗೆ ಕೊಡುವ ಅಂಗೈಗಳೇ ಆ ಆಧಾರ, ಕಂಬಳಿ ಬಂದದ್ದು ಆಮೇಲೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಬಾಲ್ಯದುದ್ದಕ್ಕೂ ಕಾಯಿಲೆಗಳಿಂದ ನವೆದು, ಮೈಸೂರಿನಲ್ಲಿ ತಮ್ಮ ಭಾವ ಟಿ. ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ಅವರು 1966ರ ‘ಲೈಟ್ ಆನ್ ಯೋಗ’ದಲ್ಲಿ ಈ ಆಸನವನ್ನು ಆಸನಗಳ ತಾಯಿ ಎಂದು ಕರೆದರು. ಹಲವು ಬಗೆಯ ದೇಹಗಳಿಗೆ ಪುಣೆಯಲ್ಲಿ ಪಾಠ ಹೇಳುತ್ತ ಹೇಳುತ್ತ ಕಂಬಳಿ, ಬೆಲ್ಟ್, ಕುರ್ಚಿಗಳನ್ನು ಅವರು ಅಭ್ಯಾಸದೊಳಕ್ಕೆ ತಂದುಕೊಂಡರು. ಇವು ಅಶಕ್ತರಿಗಷ್ಟೇ ಎಂದು ಮೂಗು ಮುರಿಯುವವರನ್ನು ಕಂಡರೆ, ನನ್ನ ಆ ಹನ್ನೆರಡು ವರ್ಷಗಳು ನೆನಪಾಗಿ, ವಾದಿಸುವ ಉತ್ಸಾಹವೇ ಬರುವುದಿಲ್ಲ.

ಕಲಿಸಲು ತೊಡಗಿದ ಮೇಲೆ ನನ್ನ ಕಣ್ಣು ಕಾಲನ್ನು ಬಿಟ್ಟು ಕೆಳಗಿಳಿಯಿತು. ಹೊಸಬರನ್ನು ಹಲಾಸನದಿಂದ ಮೇಲೇರಿಸುತ್ತೇನೆ, ಏಕೆಂದರೆ ಕಾಲು ತಲೆಯ ಹಿಂದೆ ಇರುವಾಗಲೇ ಹೆಗಲುಗಳನ್ನು ಒಂದೊಂದಾಗಿ ಒಳಕ್ಕೆ ಹೊರಳಿಸಿಕೊಳ್ಳಲು ಬಿಡುವು ಸಿಗುತ್ತದೆ. ಮೊಣಕೈಗಳು ಹೆಗಲಿನ ಅಗಲಕ್ಕಿಂತ ಆಚೆ ಜಾರದಂತೆ ಮೇಲುತೋಳಿಗೆ ಬೆಲ್ಟ್ ಇರುತ್ತದೆ. ಮೊಣಕೈ ಜಾರಿದರೆ ಎದೆ ಕುಗ್ಗುತ್ತದೆ, ಎದೆ ಕುಗ್ಗಿದರೆ ಬೆನ್ನು ಕತ್ತಿನ ಮೇಲೆ ಕೂರುತ್ತದೆ. ಗದ್ದವನ್ನು ಎದೆಗೆ ಒತ್ತಬೇಡಿ, ಎದೆಯನ್ನೇ ಗದ್ದದ ಬಳಿಗೆ ತನ್ನಿ ಎಂದು ದಿನಕ್ಕೆ ಹತ್ತು ಸಲವಾದರೂ ಹೇಳುತ್ತಿರುತ್ತೇನೆ. ಮೇಲಿರುವಾಗ ಪಕ್ಕದವರನ್ನು ನೋಡಲು ತಲೆ ತಿರುಗಿಸುವುದನ್ನು ಮಾತ್ರ ನಾನು ಗದರಿಯೇ ತಡೆಯುತ್ತೇನೆ. ಗ್ಲಾಕೋಮಾ, ಹತೋಟಿಯಲ್ಲಿಲ್ಲದ ರಕ್ತದೊತ್ತಡ ಅಥವಾ ಕತ್ತಿನ ತೊಂದರೆ ಇರುವವರಿಗೆ ಈ ಆಸನವನ್ನು ಹೇಳಿಕೊಡುವುದಿಲ್ಲ. ಅವರು ಗೋಡೆಗೆ ಕಾಲು ಚಾಚುವುದಕ್ಕೂ ಮೊದಲು ವೈದ್ಯರನ್ನು ಕೇಳಿ ಬರಬೇಕು.

ಅರವತ್ತು ದಾಟಿದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಮೊದಲ ತಿಂಗಳಿನಲ್ಲಿ, “ಎಲ್ಲರಿಗೂ ಮೂರು, ನನಗೆ ಮಾತ್ರ ಐದು ಕಂಬಳಿ ಯಾಕೆ ಮೇಡಂ?” ಎಂದು ಕೊಂಚ ಅವಮಾನದಿಂದಲೇ ಕೇಳಿದ್ದರು. ದಶಕಗಳ ಕಾಲ ಲೆಡ್ಜರಿನ ಮೇಲೆ ಬಾಗಿದ ಬೆನ್ನು, ಮುಂದಕ್ಕೆ ದುಂಡಗಾದ ಹೆಗಲು ಅವರದು. ನಾನು ವಿವರಿಸದೆ, ಅವರು ಆಸನದಲ್ಲಿದ್ದಾಗ ಕತ್ತಿನ ಕೆಳಗೆ ಬೆರಳು ತೂರಿಸಿ, ಅಲ್ಲಿ ಉಳಿದಿದ್ದ ಸಂದು ಅವರಿಗೇ ತಿಳಿಯುವಂತೆ ಮಾಡಿದೆ. ಒಂದು ವರ್ಷದ ಬಳಿಕ, ಬೆನ್ನು ಸಾಕಷ್ಟು ತೆರೆದುಕೊಂಡಿದೆಯೆಂದು ತೋರಿ, ಒಂದು ಕಂಬಳಿಯನ್ನು ನಾನೇ ತೆಗೆದಿಟ್ಟೆ. ಅವರು ಮೇಲೇರಿ, ಎರಡು ಉಸಿರಿನಷ್ಟು ನಿಂತು, ಮೆಲ್ಲನೆ ಇಳಿದು, ಏನೊಂದೂ ಹೇಳದೆ ಆ ಐದನೆಯದನ್ನು ಮತ್ತೆ ತಂದು, ಅಂಚಿಗೆ ಅಂಚು ಕೂಡಿಸಿ ಮೇಲಿಟ್ಟುಕೊಂಡರು.